ಹಾಲು ಮೂಗಿನಿಂದ, ಮಾತು ಮೂಗಿನಲ್ಲಿ

ಬೋರಗಾಂವದಿಂದ ಆಸ್ಪತ್ರೆಗೆ ಹೋಗಲು ನಾಲ್ಕೂ ದಿಕ್ಕಿಗೆ ದಾರಿಗಳಿವೆ. ಜ್ವರ, ಕೆಮ್ಮಿಗೆ ಊರಲ್ಲೇ ಅಥವಾ ನಿಪ್ಪಾಣಿಯಲ್ಲಿ ತೋರಿಸುತ್ತಾರೆ. ಹೆರಿಗೆಗೆ ಚಿಕ್ಕೋಡಿ, ಇಲ್ಲವೇ ಇಚಲಕರಂಜಿ. ಸ್ವಲ್ಪ ದೊಡ್ಡ ರೋಗ ಎನಿಸಿದರೆ ಕೊಲ್ಹಾಪುರ ಅಥವಾ ಮಿರಜ. ಸರಕಾರಿ ಕಾರ್ಡಿನ ಮೇಲೆ ಆಪರೇಷನ್ ಆಗಬೇಕೆಂದರೆ ಬೆಳಗಾವಿ. ರಾಜ್ಯದ ಗಡಿ ದಾಟಿದೆವು ಎಂಬುದನ್ನು ಇಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಿರಜದ ವಾನ್ಲೆಸ್ ಮಿಷನ್ ಆಸ್ಪತ್ರೆ ಹತ್ತೊಂಬತ್ತನೆಯ ಶತಮಾನದ ಕೊನೆಯಿಂದಲೂ ಈ ಸೀಮೆಯ ರೋಗಿಗಳನ್ನು ಕಂಡಿದೆ. ರಾಯಬಾಗ, ಕುಡಚಿ, ಉಗಾರದ ಜನ ರೈಲು ಹತ್ತಿ ಅಲ್ಲಿಗೆ ಹೋಗುವುದು ತಲೆಮಾರುಗಳ ರೂಢಿ. ಇಷ್ಟು ಆಸ್ಪತ್ರೆಗಳು ಕೈಗೆಟಕುವಂತಿರುವುದು ಗಡಿನಾಡಿನ ಭಾಗ್ಯವೇ ಸರಿ. ಆದರೆ ಒಂದು ಬಗೆಯ ಕಾಯಿಲೆಯ ಮಟ್ಟಿಗೆ ಇದೇ ಅಡ್ಡಿಯಾಗುತ್ತದೆ.

ಒಂದು ಮಗುವನ್ನು ಊಹಿಸಿಕೊಳ್ಳಿ. ಹುಟ್ಟಿದ ಮೂರನೆಯ ದಿನ ಫಿಟ್ಸ್ ಬಂದವು. ಹೆರಿಗೆಯಾದ ಆಸ್ಪತ್ರೆಯವರು ರಕ್ತ ಪರೀಕ್ಷಿಸಿ, ಕ್ಯಾಲ್ಸಿಯಂ ಕಡಿಮೆಯಿದೆ ಎಂದು ಸಲೈನಿನಲ್ಲಿ ಅದನ್ನು ಕೊಟ್ಟು ನಿಲ್ಲಿಸಿದರು. ಮನೆಗೆ ಬಂದ ಮೇಲೆ ಮೊಲೆ ಕುಡಿಯುವಾಗೆಲ್ಲ ಹಾಲು ಮೂಗಿನಿಂದ ಹೊರಬರತೊಡಗಿತು. 'ಹಾಲು ನೆತ್ತಿಗಿ ಏರೇದ, ಸಾವಕಾಶ ಕುಡಸು' ಎಂದಳು ಅಜ್ಜಿ. ಐದನೆಯ ತಿಂಗಳಲ್ಲಿ ಕೆಮ್ಮಿಗೆಂದು ತೋರಿಸಲು ಹೋದಾಗ ವೈದ್ಯರಿಗೆ ಎದೆಯಲ್ಲಿ ಬೇರೆ ಸದ್ದು ಕೇಳಿಸಿತು. ಬೆಳಗಾವಿಯಲ್ಲಿ ಎಕೋ ಮಾಡಿಸಿದರೆ ಹೃದಯದ ಗೋಡೆಯಲ್ಲಿ ರಂಧ್ರ. ಮುಂದಿನ ಎರಡು ವರ್ಷ ಕಿವಿ ಸೋರುವುದು, ಎದೆಯಲ್ಲಿ ಕಫ ಕಟ್ಟುವುದು ತಪ್ಪಲಿಲ್ಲ. ಮೂರು ತುಂಬಿದರೂ ಆಡುವ ಮಾತು ಬೆರಳೆಣಿಕೆಯಷ್ಟು, ಅದೂ ಮೂಗಿನಲ್ಲಿ. ಶಾಲೆಗೆ ಸೇರಿದ ಮೇಲೆ ಓದು ಹೇಗೋ ಹತ್ತಿತು, ಲೆಕ್ಕ ಮಾತ್ರ ಹತ್ತಲಿಲ್ಲ. ಅಷ್ಟು ಹೊತ್ತಿಗೆ ಮನೆಯ ಕ್ಯಾರಿಬ್ಯಾಗಿನಲ್ಲಿ ನಾಲ್ಕೈದು ಆಸ್ಪತ್ರೆಗಳ, ಎರಡು ರಾಜ್ಯಗಳ ಕಾಗದಗಳು ತುಂಬಿರುತ್ತವೆ. ಪ್ರತಿಯೊಬ್ಬ ವೈದ್ಯರೂ ತಮ್ಮ ಮುಂದಿದ್ದ ತೊಂದರೆಗೆ ಸರಿಯಾದ ಔಷಧವನ್ನೇ ಕೊಟ್ಟಿರಬಹುದು. ಇವೆಲ್ಲ ಒಂದೇ ಕಾರಣದಿಂದ ಬಂದಿರಬಹುದೇ ಎಂದು ಕೇಳುವ ಪ್ರಸಂಗ ಮಾತ್ರ ಯಾರಿಗೂ ಒದಗಿ ಬರಲಿಲ್ಲ.

ಮಗು ಕಲ್ಪಿತ, ಲಕ್ಷಣಗಳು ಕಲ್ಪಿತವಲ್ಲ. ಇವೆಲ್ಲವನ್ನೂ ಒಂದೇ ದಾರದಲ್ಲಿ ಪೋಣಿಸುವ ಸ್ಥಿತಿಯೊಂದಿದೆ. ಅದರ ಹೆಸರು 22ಕ್ಯೂ11.2 ಡಿಲೀಷನ್ ಸಿಂಡ್ರೋಮ್. ಹಳೆಯ ಪುಸ್ತಕಗಳಲ್ಲಿ ಡಿಜಾರ್ಜ್ ಸಿಂಡ್ರೋಮ್ ಎಂದಿರುತ್ತದೆ. ವರ್ಣತಂತುವಿನಿಂದ ಅತಿ ಸಣ್ಣ ತುಣುಕೊಂದು ಕಳೆದುಹೋಗಿ ಬರುವ ಕಾಯಿಲೆಗಳಿಗೆ ಮೈಕ್ರೋಡಿಲೀಷನ್ ಎನ್ನುತ್ತಾರೆ. ಅವುಗಳಲ್ಲೆಲ್ಲ ಹೆಚ್ಚು ಕಾಣಿಸುವುದು ಇದೇ. ಹುಟ್ಟುವ ಸುಮಾರು 4,000 ಮಕ್ಕಳಲ್ಲಿ ಒಂದಕ್ಕೆ ಇದು ಇರುತ್ತದೆ ಎಂಬುದು ಬಹುಕಾಲದಿಂದ ಹೇಳುತ್ತ ಬಂದ ಲೆಕ್ಕ, ಇತ್ತೀಚಿನ ಕೆಲವು ಅಧ್ಯಯನಗಳು ಇದಕ್ಕಿಂತ ಹೆಚ್ಚೇ ಎನ್ನುತ್ತವೆ. 2011ರ ಜನಗಣತಿಯ ಪ್ರಕಾರ ಬೆಳಗಾವಿ ಜಿಲ್ಲೆಯ ಜನಸಂಖ್ಯೆ 47 ಲಕ್ಷದ ಮೇಲೆ. ಹುಟ್ಟಿದ ಎಲ್ಲ ಮಕ್ಕಳೂ ಬದುಕುಳಿದಿಲ್ಲ ಎಂದಿಟ್ಟುಕೊಂಡರೂ ಈ ಜಿಲ್ಲೆಯಲ್ಲಿ ನೂರಾರು ಮಂದಿ ಈ ಸ್ಥಿತಿಯೊಂದಿಗೆ ಬಾಳುತ್ತಿರಬೇಕು. ತಮಗಿರುವುದು ಇದು ಎಂದು ತಿಳಿದವರು ಅವರಲ್ಲಿ ತೀರ ಕಡಿಮೆ ಎಂದೇ ನನ್ನ ನಂಬಿಕೆ.

ಹೆಸರು ಕಠಿಣವಾಗಿ ಕಂಡರೂ ಜಮೀನಿನ ಉತಾರ ಓದಿ ಗೊತ್ತಿರುವವರಿಗೆ ಸುಲಭವಾಗಿ ಬಿಡಿಸಬಹುದು. ನಮ್ಮ ಪ್ರತಿ ಜೀವಕೋಶದಲ್ಲಿ 23 ಜೋಡಿ ವರ್ಣತಂತುಗಳಿವೆ. ಪ್ರತಿ ಜೋಡಿಯಲ್ಲಿ ಒಂದು ತಾಯಿಯದು, ಒಂದು ತಂದೆಯದು. 22 ಎನ್ನುವುದನ್ನು ಸರ್ವೆ ನಂಬರು ಎಂದುಕೊಳ್ಳಿ. ವರ್ಣತಂತುವಿಗೆ ಒಂದು ಗಿಡ್ಡ, ಒಂದು ಉದ್ದ ತೋಳು ಇರುತ್ತವೆ. ಕ್ಯೂ ಎಂದರೆ ಉದ್ದದ್ದು. 11.2 ಎನ್ನುವುದು ಹಿಸ್ಸಾ ನಂಬರು. ಜೋಡಿಯ ಎರಡು ಉತಾರಗಳಲ್ಲಿ ಒಂದರಲ್ಲಿ ಆ ಹಿಸ್ಸಾ ಇದೆ, ಇನ್ನೊಂದರಲ್ಲಿ ಇಲ್ಲ. ಹೆಚ್ಚಿನವರಲ್ಲಿ ಹೀಗೆ ಕಾಣೆಯಾಗುವುದು ಸುಮಾರು 30 ಲಕ್ಷ ಡಿಎನ್‌ಎ ಅಕ್ಷರಗಳು. 23 ವರ್ಣತಂತುಗಳ ಒಂದು ಪ್ರತಿಯಲ್ಲಿ ಒಟ್ಟು ಇರುವ ಅಕ್ಷರಗಳು ಸುಮಾರು 300 ಕೋಟಿ, ಅಂದರೆ ಕಳೆದದ್ದು ಸಾವಿರದಲ್ಲಿ ಒಂದು ಪಾಲು. ಆ ಪಾಲಿನಲ್ಲಿ ನಲವತ್ತಕ್ಕೂ ಹೆಚ್ಚು ಜೀನ್‌ಗಳಿವೆ.

ಹೃದಯಕ್ಕೂ ಅಂಗುಳಕ್ಕೂ ಏನು ಸಂಬಂಧ, ಕ್ಯಾಲ್ಸಿಯಂಗೂ ಕಿವಿಗೂ ಏನು ಸಂಬಂಧ ಎಂದು ಯಾರಾದರೂ ಕೇಳಿಯಾರು. ಸಂಬಂಧ ಇರುವುದು ಗರ್ಭದಲ್ಲಿ. ತಾಯಿಗೆ ಮುಟ್ಟು ನಿಂತದ್ದು ಈಗಷ್ಟೇ ಖಾತ್ರಿಯಾಗುವ ಹೊತ್ತಿಗೆ, ಸುಮಾರು ನಾಲ್ಕನೆಯ, ಐದನೆಯ ವಾರದಲ್ಲಿ, ಭ್ರೂಣದ ಕುತ್ತಿಗೆಯ ಜಾಗದಲ್ಲಿ ಸಣ್ಣ ಸಣ್ಣ ಮಡಿಕೆಗಳು ಮೂಡುತ್ತವೆ. ಮುಖ, ಅಂಗುಳ, ಕಿವಿ ರೂಪುಗೊಳ್ಳುವುದು ಈ ಮಡಿಕೆಗಳ ಸುತ್ತಲೇ. ರಕ್ತದ ಕ್ಯಾಲ್ಸಿಯಂ ಕಾಯುವ ಪ್ಯಾರಾಥೈರಾಯ್ಡ್ ಗ್ರಂಥಿಗಳು, ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳನ್ನು ಪಳಗಿಸುವ ಥೈಮಸ್ ಗ್ರಂಥಿ, ಹೃದಯದಿಂದ ಹೊರಡುವ ದೊಡ್ಡ ರಕ್ತನಾಳಗಳು, ಇವೆಲ್ಲ ಅಲ್ಲಿಯೇ ರೂಪುಗೊಳ್ಳುತ್ತವೆ. ಕಳೆದುಹೋದ ತುಣುಕಿನಲ್ಲಿರುವ ಟಿಬಿಎಕ್ಸ್1 ಎಂಬ ಜೀನ್ ಈ ಮಡಿಕೆಗಳ ಬೆಳವಣಿಗೆಯನ್ನು ನಡೆಸುವ ಮುಖ್ಯ ಜೀನ್‌ಗಳಲ್ಲೊಂದು. ಎರಡು ಪ್ರತಿ ಇರಬೇಕಾದಲ್ಲಿ ಒಂದೇ ಇದ್ದಾಗ ಕೆಲಸ ಅರೆಬರೆಯಾಗುತ್ತದೆ. ಯಾವ ಮಗುವಿನಲ್ಲಿ ಯಾವುದು ಅರೆಯಾಗುತ್ತದೆ ಎಂದು ಮುಂಚೆಯೇ ಹೇಳಲಾಗದು. ಒಂದೇ ಮನೆಯಲ್ಲಿ ಇದೇ ತುಣುಕು ಕಳೆದ ಇಬ್ಬರಲ್ಲಿ ಒಬ್ಬರಿಗೆ ಹೃದಯದ ಆಪರೇಷನ್ ಬೇಕಾಗಬಹುದು, ಇನ್ನೊಬ್ಬರಿಗೆ ಮೂಗುದನಿ ಬಿಟ್ಟರೆ ಬೇರೇನೂ ಇಲ್ಲದಿರಬಹುದು.

ಆ ಮೂಗುದನಿಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಈ ಕಾಯಿಲೆಯ ಲಕ್ಷಣಗಳಲ್ಲಿ ಯಂತ್ರವಿಲ್ಲದೆ, ಖರ್ಚಿಲ್ಲದೆ, ಮನೆಯವರ ಕಿವಿಗೇ ಸಿಗುವಂಥದ್ದು ಇದು.

ನಮ್ಮ ವರ್ಣಮಾಲೆಯ ವರ್ಗಾಕ್ಷರಗಳನ್ನು ನೆನಪಿಸಿಕೊಳ್ಳಿ. ಪ, ಫ, ಬ, ಭ ಹೇಳುವಾಗ ಬಾಯಿಯ ಹಿಂಭಾಗದಲ್ಲಿರುವ ಮೆದು ಅಂಗುಳ ಮೇಲೆದ್ದು ಮೂಗಿನ ದಾರಿಯನ್ನು ಮುಚ್ಚುತ್ತದೆ. ಗಾಳಿ ಬಾಯಲ್ಲಿ ಒತ್ತಡ ಕಟ್ಟಿಕೊಂಡು ತುಟಿಯಿಂದ ಚಿಮ್ಮುತ್ತದೆ. ಐದನೆಯದಾದ ಮ ಹೇಳುವಾಗ ಮಾತ್ರ ಅಂಗುಳ ಇಳಿದು ಮೂಗಿನ ದಾರಿ ತೆರೆಯುತ್ತದೆ. ಕ ವರ್ಗ, ತ ವರ್ಗಗಳಲ್ಲೂ ಇದೇ ಕ್ರಮ: ಮೊದಲ ನಾಲ್ಕಕ್ಕೆ ಮೂಗು ಮುಚ್ಚು, ಐದನೆಯದಕ್ಕೆ ತೆರೆ. ಮೆದು ಅಂಗುಳ ಗಿಡ್ಡವಾಗಿದ್ದರೆ, ಅದರ ಸ್ನಾಯು ಸೀಳಿದ್ದರೆ ಅಥವಾ ಬಲ ಸಾಲದಿದ್ದರೆ ಮುಚ್ಚುವ ಕೆಲಸ ಆಗುವುದಿಲ್ಲ. ಮಗು ಬ ಎನ್ನಲು ಹೋದರೆ ಮ ಎಂದು ಕೇಳಿಸುತ್ತದೆ, ದ ಎನ್ನಲು ಹೋದರೆ ನ. 'ಬಾಬಾ' ಎಂದು ಕರೆದದ್ದು 'ಮಾಮಾ' ಎಂದು ಕೇಳಿಸಿ ಮನೆಯವರು ಮಾಮನನ್ನು ಕರೆಯುತ್ತಾನೆ ಎಂದು ಸಂತೋಷಪಡುವುದೂ ಉಂಟು. ಕೆಲವು ಮಕ್ಕಳು ಕ, ತ, ಪ ಯಾವುದೂ ಬಾರದೆ ಗಂಟಲಲ್ಲೇ ತಡೆದು ತಡೆದು ಮಾತಾಡುವುದನ್ನು ರೂಢಿಸಿಕೊಳ್ಳುತ್ತಾರೆ. ಆಗ ಅವರ ಮಾತು ತಾಯಿಯ ಹೊರತು ಯಾರಿಗೂ ತಿಳಿಯುವುದಿಲ್ಲ.

ಕನ್ನಡ ಮಕ್ಕಳ ಮೂಗುದನಿಯನ್ನು ಅಳೆಯಲು ವಾಕ್ ತಜ್ಞರು ಬಳಸುವ ವಾಕ್ಯಗಳಲ್ಲಿ 'ಕಾಗೆ ಕಾಲು ಕಪ್ಪು', 'ಬಾಲು ತಬಲ ಬಾರಿಸು' ಎಂಬವಿವೆ. ಮ, ನ, ಣ ಒಂದೂ ಇಲ್ಲದ ವಾಕ್ಯಗಳು. ಮಗುವಿನಿಂದ ಇವನ್ನು ಒಮ್ಮೆ ಸಹಜವಾಗಿ ಹೇಳಿಸಿ. ಇನ್ನೊಮ್ಮೆ ಮೂಗಿನ ಹೊಳ್ಳೆಗಳನ್ನು ಮೆತ್ತಗೆ ಒತ್ತಿ ಹಿಡಿದು ಹೇಳಿಸಿ. ಅಂಗುಳ ಸರಿಯಾಗಿ ಮುಚ್ಚುವ ಮಗುವಿನ ದನಿ ಎರಡೂ ಸಲ ಒಂದೇ ತೆರನಾಗಿರುತ್ತದೆ, ಏಕೆಂದರೆ ಮೂಗಿನಲ್ಲಿ ಗಾಳಿ ಹೋಗುತ್ತಲೇ ಇರಲಿಲ್ಲ. ದನಿ ತಟ್ಟನೆ ಬದಲಾದರೆ ಗಾಳಿ ಮೂಗಿನಿಂದ ಸೋರುತ್ತಿದೆ ಎಂದರ್ಥ. ಮೂಗಿನ ಕೆಳಗೆ ಸಣ್ಣ ಕನ್ನಡಿ ಹಿಡಿದು 'ಪಾ ಪಾ ಪಾ' ಹೇಳಿಸಿದಾಗ ಕನ್ನಡಿ ಮಬ್ಬಾದರೂ ಅದೇ ಅರ್ಥ. ಮನೆಯಲ್ಲಿ ಮರಾಠಿ ಆಡುವ ಮಕ್ಕಳಿಗೆ 'ಕಾಕಾ', 'ಬಾಬಾ' ಸಾಕು. ಇದರಿಂದ ರೋಗ ನಿರ್ಣಯವಾಗದು. ಅಂಗನವಾಡಿ ಕಾರ್ಯಕರ್ತೆಗೋ ಒಂದನೆಯ ತರಗತಿಯ ಶಿಕ್ಷಕಿಗೋ ಈ ಮಗುವನ್ನು ತೋರಿಸಬೇಕು ಎಂದು ಹೇಳಲು ಇಷ್ಟು ಸಾಕಾಗುತ್ತದೆ.

ಸೀಳು ಅಂಗುಳ ಎಂದರೆ ಕಣ್ಣಿಗೆ ಕಾಣುವಂತೆ ತೆರೆದುಕೊಂಡಿರುವುದು ಎಂದೇ ನಾವು ತಿಳಿದಿದ್ದೇವೆ. ಈ ಮಕ್ಕಳಲ್ಲಿ ಹಲವರಿಗೆ ಸೀಳು ಒಳಗೇ ಇರುತ್ತದೆ. ಮೇಲೆ ತೆಳುವಾದ ಪೊರೆ ಮುಚ್ಚಿ, ಕೆಳಗಿನ ಸ್ನಾಯು ಮಾತ್ರ ಎರಡಾಗಿರುತ್ತದೆ. ಮೊಬೈಲಿನ ಟಾರ್ಚ್ ಹಾಕಿ ಬಾಯೊಳಗೆ ನೋಡಿದಾಗ ಕಿರುನಾಲಿಗೆ ಎರಡಾಗಿ ಸೀಳಿರುವುದು ಕಂಡರೆ ಅದೊಂದು ಸುಳಿವು. ಇಂಥ ಮಕ್ಕಳಿಗೆ ಕಿವಿಯ ಒಳಗೆ ನೀರು ತುಂಬಿ ಕೇಳಿಸುವುದು ಕಡಿಮೆಯಾಗುವುದು, ಗೊರಕೆ, ಮೂಗು ಕಟ್ಟುವುದು ಸಾಮಾನ್ಯ. ಆಗ ಮೂಗಿನ ಹಿಂದಿರುವ ಅಡಿನಾಯ್ಡ್ ತೆಗೆಯುವ ಸಲಹೆ ಬರುವುದುಂಟು. ಗಿಡ್ಡ ಅಂಗುಳದ ಮಗುವಿನಲ್ಲಿ ದಪ್ಪಗಿರುವ ಅಡಿನಾಯ್ಡೇ ಎಷ್ಟೋ ಸಲ ಆ ಸಂದನ್ನು ಅಷ್ಟಿಷ್ಟು ಮುಚ್ಚಿರುತ್ತದೆ. ಅದನ್ನು ತೆಗೆದರೆ ಇದ್ದ ಮಾತೂ ಮೂಗಿನಲ್ಲಿ ಹೋಗಬಹುದು. ಆದ್ದರಿಂದ ಅಡಿನಾಯ್ಡ್ ಆಪರೇಷನ್ನಿಗೆ ಮೊದಲು ಅಂಗುಳ ನೋಡಿದ್ದೀರಾ ಎಂದು ಕೇಳುವ ಹಕ್ಕು ತಂದೆತಾಯಿಗೆ ಇದೆ, ಕೇಳಲೇಬೇಕು.

ಇನ್ನು ಹೃದಯ. ಈ ಸಿಂಡ್ರೋಮ್ ಇರುವ ಮೂವರಲ್ಲಿ ಇಬ್ಬರಿಗೆ ಹುಟ್ಟಿನಿಂದಲೇ ಹೃದಯದಲ್ಲಿ ಏನಾದರೊಂದು ದೋಷವಿರುತ್ತದೆ. ಸಾಮಾನ್ಯ ರಂಧ್ರದಿಂದ ಹಿಡಿದು ಫ್ಯಾಲೋ ಟೆಟ್ರಾಲಜಿಯವರೆಗೆ ಯಾವುದೂ ಆಗಬಹುದು. ಅತ್ತಾಗ, ಆಡಿದಾಗ ತುಟಿ, ಉಗುರು ನೀಲಿಯಾಗುವುದು, ಓಡಿ ಬಂದ ಮಗು ಕುಕ್ಕರಗಾಲಿನಲ್ಲಿ ಕುಳಿತು ಸುಧಾರಿಸಿಕೊಳ್ಳುವುದು ಫ್ಯಾಲೋ ದೋಷದ ಗುರುತು. ಫ್ಯಾಲೋ ಇರುವ ನೂರು ಮಕ್ಕಳಲ್ಲಿ ಸುಮಾರು 15 ಮಂದಿಗೆ ಈ ತುಣುಕು ಕಳೆದಿರುತ್ತದೆ. ಹೃದಯದಿಂದ ಹೊರಡುವ ಮಹಾಪಧಮನಿಯ ಕಮಾನು ನಡುವೆ ತುಂಡಾಗಿರುವ ಅಪರೂಪದ ದೋಷದ ಒಂದು ಬಗೆಯಲ್ಲಂತೂ ಈ ಪ್ರಮಾಣ ಸುಮಾರು ಅರ್ಧ. ಹೃದಯ ದೋಷವನ್ನು ನಮ್ಮಲ್ಲಿ ಈಗ ಬೇಗ ಪತ್ತೆ ಮಾಡುತ್ತಾರೆ, ಸರಕಾರಿ ಯೋಜನೆಯಲ್ಲಿ ಆಪರೇಷನ್ನೂ ಆಗುತ್ತದೆ. 'ಆಪರೇಷನ್ ಆತು, ಇನ್ನ ಎಲ್ಲಾ ಬರೋಬ್ಬರಿ' ಎಂದು ಮನೆಗೆ ಬಂದ ಮೇಲೆ ಉಳಿದ ಲಕ್ಷಣಗಳ ಕಡೆ ಯಾರ ಗಮನವೂ ಹೋಗುವುದಿಲ್ಲ.

ಕ್ಯಾಲ್ಸಿಯಂ ಇನ್ನೂ ಮೋಸ ಮಾಡುತ್ತದೆ. ಹುಟ್ಟಿದ ಮೊದಲ ದಿನಗಳಲ್ಲಿ ಕಡಿಮೆಯಾಗಿ ಫಿಟ್ಸ್ ತರಿಸಿ, ಆಮೇಲೆ ವರ್ಷಗಟ್ಟಲೆ ಸರಿಯಾಗಿದ್ದು, ಮೈನೆರೆಯುವ ವಯಸ್ಸಿನಲ್ಲೋ ಆಪರೇಷನ್ ಆದಾಗಲೋ ಬಸುರಿನಲ್ಲೋ ಮತ್ತೆ ಇಳಿಯಬಹುದು. ಬೆರಳು, ತುಟಿ ಜುಮ್ಮೆನ್ನುವುದು, ಕೈ ಸೆಟೆದುಕೊಳ್ಳುವುದು ಮೊದಲ ಸೂಚನೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಕೂಸಿಗೆ ಫಿಟ್ಸ್ ಬಂದರೆ ಬಾಲಗ್ರಹ ಎಂದು ಚುಟಿಗೆ ಹಾಕಿಸುವ ರೂಢಿ ಇನ್ನೂ ಪೂರ್ತಿ ಹೋಗಿಲ್ಲ. ಕಾದ ಕಬ್ಬಿಣದ ಬರೆ ಹೊಟ್ಟೆಯ ಮೇಲೆ ಉಳಿಯುತ್ತದೆ, ರಕ್ತದ ಕ್ಯಾಲ್ಸಿಯಂ ಇದ್ದಲ್ಲೇ ಇರುತ್ತದೆ. ಇದನ್ನು ಬರೆಯುವಾಗ ನನಗೆ ಸಿಟ್ಟಿಗಿಂತ ಸಂಕಟವೇ ಹೆಚ್ಚು. ಯಾವ ಸಣ್ಣ ಊರಿನ ಲ್ಯಾಬೂ ಮಾಡಬಲ್ಲ ಒಂದು ರಕ್ತಪರೀಕ್ಷೆ ಕೂಸನ್ನು ಆ ನೋವಿನಿಂದ ಕಾಯಬಹುದಿತ್ತು.

ಥೈಮಸ್ ಸಣ್ಣದಿದ್ದರೆ ನೆಗಡಿ, ಕಿವಿನೋವು, ನ್ಯುಮೋನಿಯಾ ಮೇಲಿಂದ ಮೇಲೆ ಬರುತ್ತವೆ. ವಯಸ್ಸಾದಂತೆ ಬಹಳ ಮಕ್ಕಳಲ್ಲಿ ಇದು ತಾನಾಗಿ ಸುಧಾರಿಸುತ್ತದೆ. ಥೈಮಸ್ ಇಲ್ಲವೇ ಇಲ್ಲ ಎನ್ನುವಷ್ಟು ಗಂಭೀರ ಸ್ಥಿತಿ ತೀರ ವಿರಳ. ಕೆಲವರಿಗೆ ಒಂದೇ ಮೂತ್ರಪಿಂಡ ಇರುತ್ತದೆ, ಸ್ಕ್ಯಾನ್ ಮಾಡುವವರೆಗೆ ಗೊತ್ತಾಗುವುದಿಲ್ಲ. ಮಲಬದ್ಧತೆ, ರಾತ್ರಿ ಕಾಲುನೋವು ಎಂದು ಅಳುವುದು, ವಯಸ್ಸಿಗೆ ತಕ್ಕ ಎತ್ತರ ಬಾರದಿರುವುದು ಕೂಡ ಪಟ್ಟಿಯಲ್ಲಿವೆ.

ಮುಖಲಕ್ಷಣದ ಬಗ್ಗೆ ಎಚ್ಚರಿಕೆಯಿಂದ ಮಾತಾಡಬೇಕು. ಮೇಲಿನ ರೆಪ್ಪೆ ಸ್ವಲ್ಪ ಇಳಿದಂತಿರುವುದು, ಮೂಗಿನ ತುದಿ ದುಂಡಗಿರುವುದು, ಕಿವಿ ಸಣ್ಣದಿದ್ದು ಅದರ ಅಂಚು ಮಡಚಿರುವುದು, ಸಣ್ಣ ಬಾಯಿ, ಉದ್ದನೆಯ ಸಪೂರ ಬೆರಳು, ಅಳುವಾಗ ತುಟಿಯ ಒಂದು ಬದಿ ಮಾತ್ರ ಕೆಳಗೆ ಎಳೆಯುವುದು ಎಂದು ಪುಸ್ತಕಗಳು ಹೇಳುತ್ತವೆ. ಈ ಪುಸ್ತಕಗಳ ಚಿತ್ರಗಳು ಹೆಚ್ಚಾಗಿ ಯುರೋಪು, ಅಮೆರಿಕದ ಮಕ್ಕಳವು. 2017ರಲ್ಲಿ ಹಲವು ದೇಶಗಳ ತಜ್ಞರು ಆಫ್ರಿಕಾ, ಏಷ್ಯಾ, ಲ್ಯಾಟಿನ್ ಅಮೆರಿಕದ ಮಕ್ಕಳ ಮುಖಗಳನ್ನು ಒಟ್ಟಿಗೆ ಇಟ್ಟು ಅಧ್ಯಯನ ಮಾಡಿದರು. ಬೇರೆ ಬೇರೆ ಜನಾಂಗಗಳಲ್ಲಿ ಈ ಲಕ್ಷಣಗಳು ಕಾಣಿಸುವ ಬಗೆ ಬೇರೆಯೆಂದು, ಕಂಪ್ಯೂಟರಿನ ಮುಖ ವಿಶ್ಲೇಷಣೆ ಇದಕ್ಕೆ ನೆರವಾಗಬಲ್ಲದೆಂದು ತೋರಿಸಿದರು. ನಮ್ಮ ಮಗುವಿನ ಮುಖ 'ಅಪ್ಪನಂಗ ಅದ' ಎಂದು ಮನೆಯವರಿಗೂ, ಏನೂ ವಿಶೇಷವಿಲ್ಲ ಎಂದು ವೈದ್ಯರಿಗೂ ಕಾಣಿಸುವುದು ಅಸಹಜವಲ್ಲ. ಮುಖ ನೋಡಿ ಸುಮ್ಮನಾಗಬಾರದು ಎಂಬುದಷ್ಟೇ ನೆನಪಿರಲಿ.

ಶಾಲೆಯಲ್ಲಿ ಈ ಮಕ್ಕಳನ್ನು ದಡ್ಡರೆಂದು ತಳ್ಳಿಹಾಕುವುದು ಸುಲಭ. ನಿಜ ಸ್ಥಿತಿ ಬೇರೆ. ಗಟ್ಟಿಯಾಗಿ ಓದಬಲ್ಲರು, ಬಾಯಿಪಾಠ ಒಪ್ಪಿಸಬಲ್ಲರು. ಆದರೆ ಓದಿದ್ದರ ಅರ್ಥ ಹಿಡಿಯುವುದು, ಲೆಕ್ಕ, ಗಡಿಯಾರ ನೋಡುವುದು, ಚಿಲ್ಲರೆ ಎಣಿಸುವುದು ಕಷ್ಟ. ಒಮ್ಮೆಗೆ ಎರಡು ಮೂರು ಕೆಲಸ ಹೇಳಿದರೆ ಗೊಂದಲವಾಗುತ್ತದೆ. ಗಮನ ನಿಲ್ಲದಿರುವುದು, ಹೊಸ ಜಾಗದಲ್ಲಿ ವಿಪರೀತ ಅಂಜಿಕೆ, ಕೆಲವರಲ್ಲಿ ಆಟಿಸಂ ಸೇರಿಕೊಳ್ಳುತ್ತವೆ. ಹದಿಹರೆಯ ದಾಟಿದ ಮೇಲೆ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಸ್ಕಿಜೋಫ್ರೇನಿಯಾದಂಥ ಮಾನಸಿಕ ಕಾಯಿಲೆ ಬರುವ ಸಂಭವವಿದೆ. ತಂದೆತಾಯಿಗೆ ಇದು ಕೇಳಲು ಅತ್ಯಂತ ಕಠಿಣವಾದ ಮಾತು, ಹಾಗೆಂದು ಮುಚ್ಚಿಡುವಂಥದ್ದಲ್ಲ. ಒಬ್ಬನೇ ಮಾತಾಡುವುದು, ಯಾರೋ ಬೈದಂತೆ ಕೇಳಿಸುತ್ತದೆ ಎನ್ನುವುದು, ಮನೆಯವರ ಮೇಲೇ ಅನುಮಾನ ಕಂಡ ಮೊದಲ ವಾರಗಳಲ್ಲೇ ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆಗೋ ಹತ್ತಿರದ ಮನೋವೈದ್ಯರಲ್ಲಿಗೋ ಹೋದರೆ ಔಷಧ ಕೆಲಸ ಮಾಡುತ್ತದೆ. ಗಾಳಿ ಸೋಂಕಿದೆ ಎಂದು ದೇವರು ಕೇಳಿಸುತ್ತ ಕುಳಿತರೆ ಆ ಹೊತ್ತು ಮತ್ತೆ ಬರುವುದಿಲ್ಲ.

ವೈದ್ಯರಿಗೇ ಇದು ಒಂದೇ ಕಾಯಿಲೆ ಎಂದು ಹೊಳೆಯಲು ದಶಕಗಳು ಹಿಡಿದವು. 1955ರಲ್ಲಿ ಪ್ರಾಗ್‌ನ ಎವಾ ಸೆಡ್ಲಾಚ್ಕೋವಾ ಗಿಡ್ಡ ಅಂಗುಳದ, ಮೂಗುದನಿಯ ಮಕ್ಕಳ ಬಗ್ಗೆ ಬರೆದರು. ಆಕೆ ಕಂಡದ್ದು ಮಾತನ್ನು. 1965ರಲ್ಲಿ ಫಿಲಡೆಲ್ಫಿಯಾದ ಆ್ಯಂಜೆಲೊ ಡಿಜಾರ್ಜ್ ಥೈಮಸ್ ಮತ್ತು ಪ್ಯಾರಾಥೈರಾಯ್ಡ್ ಇಲ್ಲದ ಶಿಶುಗಳನ್ನು ವಿವರಿಸಿದರು. ಎಪ್ಪತ್ತರ ದಶಕದಲ್ಲಿ ಜಪಾನಿನ ಹೃದ್ರೋಗ ತಜ್ಞರು ಹೃದಯ ದೋಷದ ಜೊತೆ ಬರುವ ಮುಖಲಕ್ಷಣವನ್ನು ಗುರುತಿಸಿದರು. 1978ರಲ್ಲಿ ನ್ಯೂಯಾರ್ಕಿನ ರಾಬರ್ಟ್ ಶ್ಪ್ರಿಂಟ್ಜನ್ ಅಂಗುಳ, ಹೃದಯ, ಮುಖ ಮೂರನ್ನೂ ಸೇರಿಸಿ ಇನ್ನೊಂದು ಹೆಸರಿಟ್ಟರು. ಇವೆಲ್ಲದರ ಹಿಂದೆ 22ನೆಯ ವರ್ಣತಂತುವಿನ ಅದೇ ತುಣುಕು ಕಾಣೆಯಾಗಿದೆ ಎಂಬುದು ಖಚಿತವಾದದ್ದು ತೊಂಬತ್ತರ ದಶಕದ ಆರಂಭದಲ್ಲಿ. ದೊಡ್ಡ ಆಸ್ಪತ್ರೆಗಳ ನುರಿತ ತಜ್ಞರೂ ತಮ್ಮ ತಮ್ಮ ವಿಭಾಗದ ಬಾಗಿಲಿನಿಂದಲೇ ಮಗುವನ್ನು ನೋಡಿದ್ದರು. ಇಚಲಕರಂಜಿ, ಮಿರಜ, ಬೆಳಗಾವಿಗಳಲ್ಲಿ ಹಂಚಿಹೋದ ಕಾಗದಗಳಿಗೂ ಇದೇ ಆಗುತ್ತಿದೆ.

ಆದ್ದರಿಂದಲೇ ನಾನು ಹೇಳಬೇಕಾದದ್ದು ಒಂದೇ. ಎಲ್ಲ ಕಾಗದಗಳನ್ನೂ, ಮರಾಠಿಯವು, ಕನ್ನಡದವು, ಇಂಗ್ಲಿಷಿನವು, ತಾರೀಖಿನ ಪ್ರಕಾರ ಒಂದೇ ಫೈಲಿನಲ್ಲಿ ಇಡಿ. ಹೃದಯ ದೋಷ, ಅಂಗುಳ ಅಥವಾ ಮೂಗುದನಿ, ಕ್ಯಾಲ್ಸಿಯಂ ಇಳಿದದ್ದು, ಪದೇಪದೇ ಸೋಂಕು, ತಡವಾದ ಮಾತು, ಕಲಿಕೆಯ ತೊಂದರೆ, ಇವುಗಳಲ್ಲಿ ಎರಡು ಒಂದೇ ಮಗುವಿನಲ್ಲಿ ಕಂಡರೆ ಮಕ್ಕಳ ವೈದ್ಯರಿಗೆ ಇಡೀ ಫೈಲು ತೋರಿಸಿ, 'ಇವೆಲ್ಲ ಒಂದಕ್ಕೊಂದು ಸಂಬಂಧ ಅದಾವೇನ್ರೀ, ಸಾಹೇಬ್ರ?' ಎಂದು ಕೇಳಿ.

ಪರೀಕ್ಷೆಯ ವಿಷಯದಲ್ಲಿ ಒಂದು ತೊಡಕಿದೆ. ಎಷ್ಟೋ ಫೈಲುಗಳಲ್ಲಿ 'ಕ್ರೋಮೋಸೋಮ್ ಪರೀಕ್ಷೆ ನಾರ್ಮಲ್' ಎಂಬ ವರದಿ ಇರುತ್ತದೆ. ಅದು ಕ್ಯಾರಿಯೋಟೈಪ್, ಸೂಕ್ಷ್ಮದರ್ಶಕದಲ್ಲಿ ವರ್ಣತಂತುಗಳನ್ನು ನೋಡಿ ಎಣಿಸುವ ವಿಧಾನ. ಡೌನ್ ಸಿಂಡ್ರೋಮಿನಲ್ಲಿ ಇಡೀ ಒಂದು ವರ್ಣತಂತು ಹೆಚ್ಚಿರುವುದರಿಂದ ಅದು ಇದರಲ್ಲಿ ಸಿಗುತ್ತದೆ. 30 ಲಕ್ಷ ಅಕ್ಷರಗಳ ಕೊರತೆ ಸಾಮಾನ್ಯವಾಗಿ ಸಿಗುವುದಿಲ್ಲ. 50 ಲಕ್ಷಕ್ಕಿಂತ ಕಡಿಮೆಯಾದದ್ದು ಆ ಕಣ್ಣಿಗೆ ಕಾಣದು. ಇದಕ್ಕೆ ಫಿಶ್, ಎಂಎಲ್‌ಪಿಎ ಅಥವಾ ಕ್ರೋಮೋಸೋಮಲ್ ಮೈಕ್ರೋಅರೇ ಎಂಬ ಪರೀಕ್ಷೆ ಬೇಕು. ಇಂಥ ಮಕ್ಕಳಲ್ಲಿ ಮೊದಲು ಮಾಡಬೇಕಾದದ್ದು ಮೈಕ್ರೋಅರೇ ಎಂದು 2010ರಲ್ಲೇ ಅಂತರರಾಷ್ಟ್ರೀಯ ತಜ್ಞರು ಶಿಫಾರಸು ಮಾಡಿದ್ದಾರೆ. ಮಗುವಿನ ರಕ್ತದ ಮಾದರಿ ಬೆಳಗಾವಿಯಿಂದಲೋ ಮಿರಜದಿಂದಲೋ ಹೋಗಬಹುದು, ಮಗುವೇ ದೂರ ಹೋಗಬೇಕಿಲ್ಲ. ವಂಶವಾಹಿ ತಜ್ಞರ ಸಲಹೆಗೆ ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಮತ್ತು ಅದರೊಂದಿಗೆ ಕೆಲಸ ಮಾಡುವ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಇವೆ; 2021ರ ರಾಷ್ಟ್ರೀಯ ವಿರಳ ರೋಗ ನೀತಿಯಡಿ ಇವೆರಡೂ ಸೇರಿ ದೇಶದ ಉತ್ಕೃಷ್ಟತಾ ಕೇಂದ್ರಗಳಲ್ಲೊಂದು. ಮಣಿಪಾಲದ ಕಸ್ತೂರಬಾ ಮೆಡಿಕಲ್ ಕಾಲೇಜಿನಲ್ಲೂ ಇದಕ್ಕೆಂದೇ ವಿಭಾಗವಿದೆ. ಸೀಳು ಅಂಗುಳದ ಶಸ್ತ್ರಚಿಕಿತ್ಸೆಗೆ ಧಾರವಾಡದ ಎಸ್‌ಡಿಎಂ ದಂತ ವೈದ್ಯಕೀಯ ಕಾಲೇಜು, ಮಾತಿನ ತರಬೇತಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಹೆಸರಾದವು.

ಇಷ್ಟು ದೂರ ಹೋಗುವ ಮೊದಲು ಊರಿಗೇ ಬರುವವರಿದ್ದಾರೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮೇಲೆ 42ನೆಯ ದಿನದವರೆಗೆ ಆಶಾ ಕಾರ್ಯಕರ್ತೆ ಆರು ಸಲ ಮನೆಗೆ ಬರಬೇಕು. ಹಾಲು ಮೂಗಿನಿಂದ ಬರುವುದನ್ನು ಅವರಿಗೆ ತೋರಿಸಬಹುದು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೂ ಒಂದು ಸಲ ಸರಕಾರಿ ಶಾಲೆಗೂ ಬರುತ್ತದೆ. ಹೃದಯ ದೋಷ, ಸೀಳು ತುಟಿ, ಸೀಳು ಅಂಗುಳ, ಬೆಳವಣಿಗೆಯ ತಡ ಎಲ್ಲವೂ ಅವರ ತಪಾಸಣೆಯ ಪಟ್ಟಿಯಲ್ಲಿವೆ. ಆ ದಿನ ಮಗುವನ್ನು ಹೊಲಕ್ಕೋ ಬೀಗರ ಊರಿಗೋ ಕರೆದುಕೊಂಡು ಹೋಗಬೇಡಿ. ಕಲಿಕೆ ಅಥವಾ ಮಾತಿನ ತೊಂದರೆ ಗಟ್ಟಿಯಾದರೆ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಡಿ ಪ್ರಮಾಣಪತ್ರವನ್ನೂ ಕೇಳಬಹುದು.

ಹೆಸರು ಸಿಕ್ಕರೆ ಏನು ಉಪಯೋಗ, ಕಳೆದ ತುಣುಕು ತಿರುಗಿ ಬರುತ್ತದೆಯೇ ಎಂದು ಕೇಳುವವರಿದ್ದಾರೆ. ಬರುವುದಿಲ್ಲ. ಆದರೆ ಹೆಸರು ಗೊತ್ತಿದ್ದರೆ ಆಪರೇಷನ್ನಿಗೆ ಮೊದಲು ಕ್ಯಾಲ್ಸಿಯಂ ನೋಡುತ್ತಾರೆ. ರೋಗನಿರೋಧಕ ಶಕ್ತಿ ತಿಳಿಯುವವರೆಗೆ ವಿಕಿರಣದಿಂದ ಸಂಸ್ಕರಿಸಿದ ರಕ್ತವನ್ನೇ ಕೊಡುತ್ತಾರೆ. ಜೀವಂತ ರೋಗಾಣುವಿನ ಲಸಿಕೆಗಳನ್ನು ಯಾವಾಗ ಕೊಡಬೇಕೆಂದು ನಿರ್ಧರಿಸುತ್ತಾರೆ. ಹಾಗೆಂದು ತಾವಾಗಿ ಲಸಿಕೆ ಬಿಡಬಾರದು, ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಗಂಟಲಿನ ಶಸ್ತ್ರಚಿಕಿತ್ಸೆ ಮಾಡುವವರು, ಕುತ್ತಿಗೆಯ ದೊಡ್ಡ ರಕ್ತನಾಳ ಈ ಮಕ್ಕಳಲ್ಲಿ ನಡುವಿಗೆ ಸರಿದಿರಬಹುದೆಂದು ಮೊದಲೇ ನೋಡಿಕೊಳ್ಳುತ್ತಾರೆ. ಒಂದೊಂದೂ ಜೀವ ಉಳಿಸುವ ಎಚ್ಚರಿಕೆಯೇ.

ಮೈಕ್ರೋಡಿಲೀಷನ್ ಕುಟುಂಬದಲ್ಲಿ ಬೇರೆಯವೂ ಇವೆ. 7ನೆಯ ವರ್ಣತಂತುವಿನ ತುಣುಕು ಕಳೆದರೆ ವಿಲಿಯಮ್ಸ್ ಸಿಂಡ್ರೋಮ್. ಅಲ್ಲಿ ಶೈಶವದಲ್ಲಿ ಕ್ಯಾಲ್ಸಿಯಂ ಹೆಚ್ಚಾಗಬಹುದು, ಮಹಾಪಧಮನಿ ಕಿರಿದಾಗಿರುತ್ತದೆ, ಮಗು ಅಪರಿಚಿತರ ತೋಳಿಗೂ ನಗುತ್ತ ಹೋಗುತ್ತದೆ. 15ನೆಯದರಲ್ಲಿ ತಂದೆಯಿಂದ ಬಂದ ಪ್ರತಿಯ ತುಣುಕು ಕಳೆದರೆ ಪ್ರಾಡರ್-ವಿಲಿ: ಮೊದಲು ಹಾಲು ಚೀಪಲೂ ಬಲವಿಲ್ಲದ ಮೆತ್ತನೆಯ ಕೂಸು, ಕೆಲವು ವರ್ಷಗಳಾದ ಮೇಲೆ ಎಷ್ಟು ತಿಂದರೂ ಇಂಗದ ಹಸಿವು. ಅದೇ ಜಾಗದಲ್ಲಿ ತಾಯಿಯ ಪ್ರತಿಯ ತುಣುಕು ಕಳೆದರೆ ಏಂಜೆಲ್‌ಮನ್: ಮಾತಿಲ್ಲ, ಫಿಟ್ಸ್ ಇವೆ, ನಗು ನಿಲ್ಲದು.

ಕೊನೆಯದಾಗಿ, ಯಾರ ತಪ್ಪು ಎಂಬ ಪ್ರಶ್ನೆ. ಮಗುವಿನ ತೊಂದರೆ ಗೊತ್ತಾದ ದಿನದಿಂದ ನಮ್ಮ ಮನೆಗಳಲ್ಲಿ ಸೊಸೆಯನ್ನು ಸುತ್ತಿಕೊಳ್ಳುವ ಪ್ರಶ್ನೆ ಅದು. ಗ್ರಹಣದ ದಿನ ಕಾಯಿಪಲ್ಲೆ ಹೆಚ್ಚಿದಳು, ಅದಕ್ಕೇ ಅಂಗುಳ ಸೀಳಿತು ಎನ್ನುತ್ತಾರೆ. ಅಕ್ಕನ ಮಗಳನ್ನು ಮಾಡಿಕೊಂಡದ್ದು ಕುತ್ತಾಯಿತು ಎನ್ನುತ್ತಾರೆ. ನಿಪ್ಪಾಣಿಯ ತಂಬಾಕು ವಖಾರದಲ್ಲಿ ದುಡಿದ ತಾಯಿ ತನ್ನನ್ನೇ ಹಳಿದುಕೊಳ್ಳುತ್ತಾಳೆ. ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ. ರಕ್ತಸಂಬಂಧದ ಮದುವೆಯಿಂದ ಅಪಾಯ ಹೆಚ್ಚುವುದು ತಂದೆ ತಾಯಿ ಇಬ್ಬರಿಂದಲೂ ಒಂದೇ ದೋಷ ಬಂದಾಗ ಮಾತ್ರ ಕಾಣಿಸುವ ಕಾಯಿಲೆಗಳಲ್ಲಿ. ಇಲ್ಲಿ ಒಂದೇ ಪ್ರತಿ ಕಳೆದರೆ ಸಾಕು, ಆದ್ದರಿಂದ ಆ ಮಾತೂ ನಿಲ್ಲದು. ತಂಬಾಕು ಬಸುರಿಗೆ ಕೆಟ್ಟದ್ದು ನಿಜ, ಈ ತುಣುಕು ಕಳೆಯಲು ಅದು ಕಾರಣ ಎನ್ನಲು ಆಧಾರವಿಲ್ಲ. ಅಂಡಾಣುವೋ ವೀರ್ಯಾಣುವೋ ತಯಾರಾಗುವಾಗ ಜೋಡಿ ವರ್ಣತಂತುಗಳು ಪಕ್ಕಪಕ್ಕ ನಿಂತು ತುಣುಕುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. 22ನೆಯದರ ಈ ಜಾಗದ ಆಚೀಚೆ ಒಂದನ್ನೊಂದು ಹೋಲುವ ಡಿಎನ್‌ಎ ಸಾಲುಗಳಿವೆ. ಹೋಲಿಕೆಯಿಂದಾಗಿ ಸಾಲು ತಪ್ಪಿ ಕೂಡಿಕೊಂಡರೆ ನಡುವಿನದು ಜಾರಿಹೋಗುತ್ತದೆ. ನೂರರಲ್ಲಿ ಸುಮಾರು 90 ಪ್ರಕರಣಗಳಲ್ಲಿ ಇದು ಹೀಗೆ ಆ ಮಗುವಿನಲ್ಲೇ ಹೊಸದಾಗಿ ಆದದ್ದು, ತಂದೆತಾಯಿಯಲ್ಲಿ ಇರುವುದಿಲ್ಲ. ಅಂಥವರಿಗೆ ಮುಂದಿನ ಮಗುವಿನಲ್ಲಿ ಮತ್ತೆ ಬರುವ ಸಂಭವ ತೀರ ಕಡಿಮೆ.

ಉಳಿದ ಹತ್ತು ಪ್ರಕರಣಗಳಲ್ಲಿ ತಂದೆಗೋ ತಾಯಿಗೋ ಅದೇ ತುಣುಕು ಕಳೆದಿರುತ್ತದೆ; ಆಗ ಪ್ರತಿ ಬಸುರಿನಲ್ಲೂ ಸಂಭವ ಅರ್ಧಕ್ಕರ್ಧ. ಅದಕ್ಕೇ ಮಗುವಿನ ವರದಿ ಬಂದ ಮೇಲೆ ತಂದೆತಾಯಿ ಇಬ್ಬರ ರಕ್ತವನ್ನೂ ಪರೀಕ್ಷಿಸುತ್ತಾರೆ. ತನಗೆ ಇಂಥದೊಂದು ಇದೆ ಎಂದು ಎಷ್ಟೋ ದೊಡ್ಡವರಿಗೆ ಗೊತ್ತಾಗುವುದೇ ಹೀಗೆ. ಚಿಕ್ಕಂದಿನಿಂದ ಮೂಗಿನಲ್ಲಿ ಮಾತಾಡುತ್ತಾನೆಂದು ಗೆಳೆಯರು ಅಣಕಿಸಿದ್ದು, ಲೆಕ್ಕದಲ್ಲಿ ನಪಾಸಾಗಿ ಶಾಲೆ ಬಿಟ್ಟಿದ್ದು, ಆಗಾಗ ಕೈ ಜುಮ್ಮೆನ್ನುವುದು ಎಲ್ಲಕ್ಕೂ ಆ ದಿನ ಒಂದು ವಿವರಣೆ ಸಿಗುತ್ತದೆ. ಅಂಥ ತಂದೆ ಅಥವಾ ತಾಯಿ ಮಗುವಿನ ಔಷಧದ ಚೀಟಿ ಹಿಡಿದು ಹೊರಡುವ ಮುನ್ನ, ಅದೇ ಲ್ಯಾಬಿನಲ್ಲಿ ತಮ್ಮ ಕ್ಯಾಲ್ಸಿಯಂ ಪರೀಕ್ಷೆಗೂ ರಕ್ತ ಕೊಟ್ಟು ಬರಬೇಕು, ತಮ್ಮ ಹೃದಯದ ಎಕೋವನ್ನೂ ಒಮ್ಮೆ ಮಾಡಿಸಿಕೊಳ್ಳಬೇಕು.